ನಿಂತಿದೆಯೋ, ಕಾಯುತ್ತಿದೆಯೋ? ರೋಬೋಟಿನ ಪಕ್ಕ ನಿಂತು ದುಡಿಯುವವರ ಪರವಾಗಿ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ನಿರ್ದೇಶಕರು,
ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ, ಕರ್ನಾಟಕ ಸರ್ಕಾರ.
ಹಾಗೂ ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳ ಆಡಳಿತ ವರ್ಗದವರಿಗೆ.

ವಿಷಯ: ರೋಬೋಟುಗಳ ಜೊತೆ ಕೆಲಸ ಮಾಡುವ ಕಾರ್ಮಿಕರಿಗೆ ಅರ್ಥವಾಗುವಂತೆ ಮಾಹಿತಿ ಒದಗಿಸುವ ಕುರಿತು.

ಮಾನ್ಯರೇ,

ನಾನು ಬಂಗಾರಪೇಟೆ ತಾಲ್ಲೂಕಿನ ಒಂದು ಹಳ್ಳಿಯವಳು. ಪಿಯುಸಿ ಮುಗಿಸಿ, ಹನ್ನೆರಡು ವರ್ಷದ ಹಿಂದೆ ನಮ್ಮ ಜಿಲ್ಲೆಯ ಒಂದು ಬಿಡಿಭಾಗಗಳ ಕಾರ್ಖಾನೆಗೆ ಆಪರೇಟರ್ ಆಗಿ ಸೇರಿದೆ. ಈಗ ಲೈನ್ ಲೀಡರ್. ನಾನು ಸೇರಿದಾಗ ಪ್ರೆಸ್ಸಿಗೆ ತಗಡು ಕೊಡುತ್ತಿದ್ದುದು ಮನುಷ್ಯರ ಕೈ. ಏಳು ವರ್ಷ ಹಾಗೇ ನಡೆಯಿತು. ಆಮೇಲೆ ಸೆಲ್ ಬಂತು, ಅಂದರೆ ರೋಬೋಟಿಗೆಂದೇ ಬೇಲಿ ಹಾಕಿದ ಜಾಗ. ಅದರೊಳಗೆ ಕಿತ್ತಳೆ ಬಣ್ಣದ ರೋಬೋಟಿನ ತೋಳು ಬಂತು. ಪ್ರೆಸ್ಸಿನಲ್ಲಿ ಬೆರಳು ಕಳೆದುಕೊಂಡವರ ಕೈ ಹಿಡಿದು ಮಾತಾಡಿಸಿದವಳು ನಾನು. ಆ ಕೆಲಸ ತೋಳಿಗೆ ಹೋದದ್ದು ಒಳ್ಳೆಯದೇ ಆಯಿತು ಎಂದು ಅವತ್ತೂ ಅಂದುಕೊಂಡೆ, ಇವತ್ತೂ ಅಂದುಕೊಳ್ಳುತ್ತೇನೆ. ರೋಬೋಟ್ ಬೇಡ ಎಂದು ಈ ಪತ್ರ ಬರೆಯುತ್ತಿಲ್ಲ.

ಒಂದು ರಾತ್ರಿ ನನ್ನ ಕಣ್ಣೆದುರು ನಡೆದದ್ದನ್ನು ಮೊದಲು ಹೇಳುತ್ತೇನೆ. ಕಾರ್ಖಾನೆಯ ಹೆಸರನ್ನಾಗಲಿ ಆ ಹುಡುಗಿಯ ಹೆಸರನ್ನಾಗಲಿ ಬರೆಯುವುದಿಲ್ಲ. ಅವಳು ಮುಳಬಾಗಿಲು ಕಡೆಯವಳು, ಕಾಂಟ್ರಾಕ್ಟಿನ ಮೇಲೆ ಬಂದು ಇನ್ನೂ ನಾಲ್ಕು ತಿಂಗಳಾಗಿತ್ತು. ಸಿ ಶಿಫ್ಟ್, ಅಂದರೆ ರಾತ್ರಿ ಪಾಳಿ, ಬೆಳಗಿನ ಜಾವ ಮೂರರ ಹೊತ್ತು. ಬೇಲಿಯಲ್ಲಿ ಬಿಟ್ಟ ಕಿಂಡಿಯಿಂದ ತಗಡಿನ ತುಂಡುಗಳನ್ನು ಒಳಗೆ ಸರಿಸುವುದು ಅವಳ ಕೆಲಸ. ತುಂಡನ್ನು ಕೂರಿಸುವ ಪೀಠಕ್ಕೆ ಫಿಕ್ಸ್ಚರ್ ಎನ್ನುತ್ತೇವೆ. ತುಂಡು ಅದರ ಮೇಲೆ ಕೂತದ್ದನ್ನು ಸೆನ್ಸರ್ ನೋಡಿದರೆ ತೋಳು ಇಳಿದು ಬಂದು ಎತ್ತಿಕೊಳ್ಳುತ್ತದೆ. ಅವತ್ತು ತುಂಡು ಕೂತಿತ್ತು, ತೋಳು ಬರಲಿಲ್ಲ. ಅರ್ಧ ಮೇಲೆ ನಿಂತುಬಿಟ್ಟಿತ್ತು. ಯಂತ್ರದ ಸ್ಥಿತಿ ತೋರಿಸುವ ಟವರ್ ಲೈಟಿನಲ್ಲಿ ಹಳದಿ ಉರಿಯುತ್ತಿತ್ತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ವೇಟ್ ಡಿಐ 14 ಆನ್, ಅಂದರೆ 14ನೇ ಸಿಗ್ನಲ್ಲಿಗಾಗಿ ಕಾಯುತ್ತಿದೆ ಎಂದು.

"ಅಕ್ಕ, ನಿಂತೋಗೈತೆ. ಸೆನ್ಸರ್ ಮೇಲೆ ಎಣ್ಣೆ ಕೂತೈತೆ, ಒರೆಸಿಬಿಡ್ತೀನಿ" ಎಂದಳು. ನಾನು ಎರಡು ಮೆಷಿನ್ ಆಚೆ ಇದ್ದೆ. ಬೇಡ ಎನ್ನುವಷ್ಟರಲ್ಲಿ ಕಿಂಡಿಯೊಳಗೆ ಕೈ ಹಾಕಿ ಬಟ್ಟೆಯಿಂದ ಒರೆಸಿದ್ದಳು. ಒರೆಸಿದ ಕ್ಷಣವೇ ಸೆನ್ಸರಿಗೆ ತುಂಡು ಕಾಣಿಸಿತು. ತೋಳು ತನ್ನ ಕೆಲಸ ಮಾಡಲು ಇಳಿಯಿತು. ತೋಳಿನ ತುದಿಯಲ್ಲಿ ತುಂಡನ್ನು ಹಿಡಿಯುವ ಗ್ರಿಪ್ಪರಿಗೂ ಫಿಕ್ಸ್ಚರಿಗೂ ನಡುವೆ ಅವಳ ಮಣಿಕಟ್ಟು ಸಿಕ್ಕಿಕೊಂಡಿತು.

ಎಮರ್ಜೆನ್ಸಿ ಬಟನ್ ಒತ್ತಿದವಳು ನಾನೇ. ತೋಳು ಅಲ್ಲೇ ನಿಂತಿತು, ಆದರೆ ಹಿಡಿತ ಬಿಡಲಿಲ್ಲ. ಬಿಡಿಸುವುದು ಹೇಗೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬ್ರೇಕ್ ಬಿಡಿಸಲು ಗೊತ್ತಿದ್ದ ಮೇಂಟೆನೆನ್ಸ್‌ನವರು ಇನ್ನೊಂದು ಶೆಡ್ಡಿನಲ್ಲಿದ್ದರು. ಅವರು ಓಡಿ ಬರುವವರೆಗೆ ಅವಳ ತಲೆ ನನ್ನ ಭುಜದ ಮೇಲಿತ್ತು. ಎರಡು ಮೂಳೆ ಮುರಿದಿತ್ತು, ಪ್ಲೇಟು ಹಾಕಿದರು. ಈಗಲೂ ಬಲಗೈಯಲ್ಲಿ ಮುದ್ದೆ ತಿರುವಲು ಆಗುವುದಿಲ್ಲ ಎನ್ನುತ್ತಾಳೆ.

ಕಾರ್ಖಾನೆಯ ಒಳಗಿನ ವಿಚಾರಣೆಯ ವರದಿಯಲ್ಲಿ ಕಾರಣ ಎಂಬ ಕಡೆ ಹೀಗೆ ಬರೆದಿದ್ದರು: ಆಪರೇಟರ್ ಅಜಾಗರೂಕತೆ, ಎಸ್‌ಒಪಿ (ಕೆಲಸದ ನಿಗದಿತ ಕ್ರಮ) ಪಾಲಿಸಿಲ್ಲ, ಮರುತರಬೇತಿ ನೀಡಲಾಗಿದೆ. ಕೈ ಅಡ್ಡ ಬಂದರೆ ತೋಳನ್ನು ನಿಲ್ಲಿಸುವ ಬೆಳಕಿನ ಪರದೆ, ಲೈಟ್ ಕರ್ಟನ್, ಕಿಂಡಿಗೆ ಹಾಕಿದ್ದು ಆಮೇಲೆ. ಅದು ಮೊದಲೇ ಇರಬೇಕಿತ್ತು. ರಕ್ಷಣೆಯ ಜಾಗದಲ್ಲಿ ಬರೀ ಬೋರ್ಡು ಹಾಕಿ ಎಂದು ನಾನು ಎಂದೂ ಕೇಳುವುದಿಲ್ಲ. ಬೇಲಿ, ಅದರ ಬಾಗಿಲು ತೆರೆದರೆ ಯಂತ್ರ ನಿಲ್ಲಿಸುವ ಇಂಟರ್‌ಲಾಕ್, ಲೈಟ್ ಕರ್ಟನ್ ಮೊದಲು. ಆದರೆ ಅವೆಲ್ಲ ಇದ್ದರೂ ಅವಳು ಹೇಳಿದ ಆ ಒಂದು ಮಾತು ನನ್ನನ್ನು ಬಿಟ್ಟಿಲ್ಲ: ನಿಂತೋಗೈತೆ. ಅದು ನಿಂತಿರಲಿಲ್ಲ, ಕಾಯುತ್ತಿತ್ತು.

ಮಾನ್ಯರೇ, ನಮ್ಮ ಕೆಲಸದ ಅಪಾಯವೆಲ್ಲ ಈ ಎರಡು ಮಾತಿನ ನಡುವೆ ಇದೆ. ನಿಂತ ಯಂತ್ರಕ್ಕೆ ವಿದ್ಯುತ್ ಇಲ್ಲ, ಕೀಲಿ ಬಿದ್ದಿದೆ, ಯಾರಾದರೂ ಬಂದು ಶುರು ಮಾಡದೆ ಅದು ಅಲ್ಲಾಡುವುದಿಲ್ಲ. ಕಾಯುವ ಯಂತ್ರಕ್ಕೆ ಒಂದು ಸಿಗ್ನಲ್ ಬಂದರೆ ಸಾಕು, ಪೂರ್ತಿ ವೇಗದಲ್ಲಿ ಬರುತ್ತದೆ. ಹಳೆಯ ಪ್ರೆಸ್ಸು, ಲೇತು ನಿಂತರೆ ಶಬ್ದವೂ ನಿಲ್ಲುತ್ತಿತ್ತು, ಕಿವಿಗೇ ಗೊತ್ತಾಗುತ್ತಿತ್ತು. ರೋಬೋಟಿನ ತೋಳು ಕಾಯುವಾಗಲೂ ಮೌನ, ಸತ್ತಾಗಲೂ ಮೌನ. ಎರಡೂ ನೋಡಲು ಒಂದೇ. ವ್ಯತ್ಯಾಸ ಹೇಳಬೇಕಾದದ್ದು ದೀಪ ಮತ್ತು ಪರದೆ. ನಮ್ಮ ಸೆಲ್ಲಿನಲ್ಲಿ ಎರಡಕ್ಕೂ ಹಳದಿಯೇ ಉರಿಯುತ್ತಿತ್ತು. ಪಕ್ಕದ ಲೈನಿನಲ್ಲಿ ಹಳದಿ ಎಂದರೆ ಕಚ್ಚಾಮಾಲು ಮುಗಿಯುತ್ತಿದೆ ಎಂದು. ನನ್ನ ತಮ್ಮ ಮಾಲೂರಿನಲ್ಲಿ ಕೆಲಸ ಮಾಡುತ್ತಾನೆ, ಅಲ್ಲಿ ಹಳದಿ ಎಂದರೆ ಮೇಂಟೆನೆನ್ಸ್ ಕರೆಯಿರಿ ಎಂದು. ಕಾಂಟ್ರಾಕ್ಟಿನ ಹುಡುಗರು ಆರು ತಿಂಗಳಿಗೊಮ್ಮೆ ಕಾರ್ಖಾನೆ ಬದಲಿಸುತ್ತಾರೆ. ಅವರ ತಲೆಯಲ್ಲಿ ಯಾವ ಹಳದಿ ಉಳಿಯಬೇಕು?

ಮಾಹಿತಿಯೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬೇಕಾದಷ್ಟಿದೆ. ಕಂಟ್ರೋಲರಿನಲ್ಲಿ ಪ್ರತಿಯೊಂದು ಅಲಾರಮ್ಮಿಗೂ ಒಂದು ನಂಬರಿದೆ, ಮೇಂಟೆನೆನ್ಸ್ ಬೀರುವಿನಲ್ಲಿ ದಪ್ಪ ದಪ್ಪ ಮ್ಯಾನುಯಲ್‌ಗಳಿವೆ. ಅವೆಲ್ಲ ರೋಬೋಟಿಗೆ ಪ್ರೋಗ್ರಾಂ ಬರೆದವರ ಭಾಷೆಯಲ್ಲಿ ಅವರಿಗಾಗಿ ಬರೆದವು. ನಮ್ಮ ಕಡೆಗೆ ತಿರುಗಿಸಿಟ್ಟ ಪರದೆ ಒಂದಿದೆ. ಅದರಲ್ಲಿ ಈ ಗಂಟೆಯ ಟಾರ್ಗೆಟ್ ಎಷ್ಟು, ಆದದ್ದೆಷ್ಟು, ಒಂದೊಂದು ತುಂಡಿಗೆ ನನ್ನ ಕೈ ತೆಗೆದುಕೊಂಡ ಸೆಕೆಂಡ್ ಎಷ್ಟು ಎಂದು ಕೆಂಪು ಹಸಿರಿನಲ್ಲಿ ಬರುತ್ತದೆ. ನನ್ನ ಕೈಯ ಲೆಕ್ಕ ನನಗೆ ತೋರಿಸುವ ಆ ಪರದೆ, ಪಕ್ಕದ ತೋಳು ಮುಂದೆ ಏನು ಮಾಡಲಿದೆ ಎಂಬುದನ್ನು ತೋರಿಸುವುದಿಲ್ಲ. ಅವಳು ಅಷ್ಟು ಅವಸರದಲ್ಲಿ ಕೈ ಹಾಕಿದ್ದೂ ಆ ಪರದೆ ಕೆಂಪಾಗಿತ್ತು ಎಂದೇ. ಇದನ್ನು ವಿಚಾರಣೆಯಲ್ಲಿ ನಾನು ಹೇಳಿದೆ. ವರದಿಯಲ್ಲಿ ಬರಲಿಲ್ಲ.

ಅಪಘಾತದ ಮೇಲೆ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ಹುಡುಕಿ ಓದಿದೆ. ಕಾರ್ಖಾನೆಯಲ್ಲಿ ದುಡಿದ ಮೊದಲ ರೋಬೋಟ್ 1961ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆಗೆ ಬಂತಂತೆ. ರೋಬೋಟಿನಿಂದ ಸತ್ತ ಮೊದಲ ಮನುಷ್ಯ ಎಂದು ದಾಖಲಾಗಿರುವವರು ರಾಬರ್ಟ್ ವಿಲಿಯಮ್ಸ್, 25 ವರ್ಷದ ಕಾರ್ಮಿಕ. 1979ರ ಜನವರಿ 25ರಂದು ಮಿಶಿಗನ್‌ನ ಫ್ಲಾಟ್ ರಾಕ್‌ನಲ್ಲಿದ್ದ ಫೋರ್ಡ್ ಎರಕದ ಕಾರ್ಖಾನೆಯಲ್ಲಿ ನಡೆದದ್ದು. ಅಟ್ಟಣಿಗೆಗಳಿಂದ ಭಾಗಗಳನ್ನು ತಂದುಕೊಡುವ ಯಂತ್ರ ಅಲ್ಲಿತ್ತು. ಒಳಗೆ ಎಷ್ಟು ಮಾಲಿದೆ ಎಂಬ ಲೆಕ್ಕವನ್ನು ಅದು ತಪ್ಪಾಗಿ ತೋರಿಸುತ್ತಿತ್ತು. ಸರಿಮಾಡಲು ವಿಲಿಯಮ್ಸ್ ಮೇಲೆ ಹತ್ತಿದರು. ಯಂತ್ರ ಮಾತ್ರ ಚಾಲನೆಯಲ್ಲೇ ಇತ್ತು, ಹತ್ತಿರ ಬರುತ್ತಿದ್ದೇನೆ ಎಂದು ಒಂದು ಸದ್ದೂ ಮಾಡದೆ ಬಂದು ಬಡಿಯಿತು. 1983ರಲ್ಲಿ ಜ್ಯೂರಿ ಅವರ ಕುಟುಂಬಕ್ಕೆ 1 ಕೋಟಿ ಡಾಲರ್ ಪರಿಹಾರ ಕೊಡಿಸಿತು. ವಿಲಿಯಮ್ಸ್ ಸತ್ತು ಎರಡು ವರ್ಷಕ್ಕೆ, 1981ರಲ್ಲಿ, ಜಪಾನಿನ ಆಕಾಶಿಯಲ್ಲಿ ಕೆಂಜಿ ಉರಾಡ ಎಂಬವರು ಕೆಟ್ಟ ರೋಬೋಟನ್ನು ನೋಡಲು ಬೇಲಿ ದಾಟಿ ಹೋದರು. ಅದು ಪೂರ್ತಿ ಆಫ್ ಆಗಿರಲಿಲ್ಲ. ಓದುತ್ತಾ ಕೈ ನಡುಗಿತು. ತಪ್ಪು ಲೆಕ್ಕ, ಬಾರದ ಸದ್ದು, ನಿಂತಂತೆ ಕಂಡ ಯಂತ್ರ. ನಾಲ್ಕು ದಶಕದ ಹಿಂದೆ ಅಲ್ಲಿ ನಡೆದದ್ದೇ ನಮ್ಮ ಕೋಲಾರದಲ್ಲಿ ಬೆಳಗಿನ ಜಾವ ಮೂರಕ್ಕೆ ನಡೆದಿತ್ತು.

ಯಂತ್ರ ಮಾಡುವವರಿಗೆ ಮನುಷ್ಯರ ಸ್ವಭಾವ ಗೊತ್ತಿಲ್ಲ ಎಂದಲ್ಲ. ರೋಬೋಟಿಗೆ ಪಾಠ ಹೇಳಿಕೊಡುವ ಎಂಜಿನಿಯರ್ ಕೈಯಲ್ಲಿ ಟೀಚ್ ಪೆಂಡೆಂಟ್ ಎಂಬ, ತೋಳನ್ನು ನಡೆಸುವ ರಿಮೋಟಿನಂಥದು ಇರುತ್ತದೆ. ಅದರ ಹಿಂಬದಿಯ ಸ್ವಿಚ್ಚಿಗೆ ಮೂರು ಸ್ಥಿತಿ. ಹದವಾಗಿ ಒತ್ತಿ ಹಿಡಿದರೆ ಮಾತ್ರ ತೋಳು ಚಲಿಸುತ್ತದೆ. ಕೈ ಬಿಟ್ಟರೂ ನಿಲ್ಲುತ್ತದೆ, ಗಾಬರಿಯಿಂದ ಬಿಗಿಯಾಗಿ ಹಿಸುಕಿದರೂ ನಿಲ್ಲುತ್ತದೆ. ಹೆದರಿದ ಮನುಷ್ಯ ಇವೆರಡರಲ್ಲಿ ಒಂದನ್ನು ಮಾಡಿಯೇ ಮಾಡುತ್ತಾನೆ ಎಂದು ಯಾರೋ ಕೂತು ಯೋಚಿಸಿದ್ದಾರೆ. ಆ ಹೊತ್ತಿನಲ್ಲಿ ತೋಳಿನ ವೇಗ ಸೆಕೆಂಡಿಗೆ 250 ಮಿಲಿಮೀಟರ್ ದಾಟಬಾರದು ಎಂಬ ನಿಯಮವೂ ಇದೆ. ಮೇಂಟೆನೆನ್ಸ್‌ನ ಅಣ್ಣ ಒಬ್ಬರು ಇದನ್ನು ನನಗೆ ಕೈಯಲ್ಲಿ ಹಿಡಿಸಿ ತೋರಿಸಿದಾಗ ಬೆರಗಾಯಿತು. ಪೆಂಡೆಂಟ್ ಹಿಡಿದು ವಾರಕ್ಕೊಮ್ಮೆ ಒಳಗೆ ಹೋಗುವವರಿಗಾಗಿ ಇಷ್ಟು ಯೋಚನೆ ಆಗಿದೆ. ದಿನಕ್ಕೆ ಎಂಟು ಗಂಟೆ ಬೇಲಿಗೆ ಆತು ನಿಲ್ಲುವವರಿಗಾಗಿ ಅದರಲ್ಲಿ ಕಾಲು ಭಾಗವಾದರೂ ಆಗಬೇಡವೇ?

ಈಗ ಬೇಲಿಯೇ ಇಲ್ಲದ ರೋಬೋಟುಗಳೂ ಬರುತ್ತಿವೆ. ಕೋಬೋಟ್ ಎನ್ನುತ್ತಾರೆ. ಮನುಷ್ಯರ ಪಕ್ಕದಲ್ಲೇ ನಿಂತು ಸ್ಕ್ರೂ ಬಿಗಿಯುತ್ತದೆ, ಅಂಟು ಹಚ್ಚುತ್ತದೆ. ಮುಟ್ಟಿದರೆ ತಾನೇ ನಿಲ್ಲುತ್ತೆ, ಹೆದರಬೇಡಿ ಎಂದು ಹೊಸಬರಿಗೆ ಕೊಡುವ ಇಂಡಕ್ಷನ್‌ನಲ್ಲಿ ಹೇಳುತ್ತಾರೆ. ಅದು ಅರ್ಧ ಸತ್ಯ. ದೇಹದ ಯಾವ ಭಾಗ ಎಷ್ಟು ಒತ್ತಡದವರೆಗೆ ತಡೆದುಕೊಳ್ಳಬಹುದು ಎಂದು 2016ರ ಐಎಸ್‌ಒ/ಟಿಎಸ್ 15066 ಎಂಬ ಅಂತರರಾಷ್ಟ್ರೀಯ ಮಾನದಂಡದ ದಾಖಲೆ ಮಿತಿಗಳನ್ನು ಕೊಡುತ್ತದೆ, ನಿಜ. ಆದರೆ ಆ ಮೆತ್ತಗಿನ ತೋಳಿನ ತುದಿಯಲ್ಲಿ ಅಂಚು ಹರಿತವಾದ ತಗಡಿದ್ದರೆ ಮೆತ್ತಗಿನ ತೋಳೂ ಕೊಯ್ಯುತ್ತದೆ. ತೋಳನ್ನೊಂದೇ ಅಲ್ಲ, ಅದು ಹಿಡಿದದ್ದು, ಅದು ಮಾಡುವ ಕೆಲಸ, ಸುತ್ತಲಿನ ಜಾಗ ಎಲ್ಲವನ್ನೂ ಸೇರಿಸಿ ಅಪಾಯ ಅಳೆಯಬೇಕು. ನನಗೆ ಇನ್ನೂ ಹೆಚ್ಚು ಭಯ ಬೇರೆಯದು. ಒಂದೇ ಶೆಡ್ಡಿನಲ್ಲಿ ಎರಡೂ ಜಾತಿಯ ರೋಬೋಟ್ ಇವೆ. ಆರು ತಿಂಗಳು ಕೋಬೋಟಿನ ಪಕ್ಕ ಕೂತು ಅದರ ಮೈ ಸವರಿ ಅಭ್ಯಾಸವಾದ ಹುಡುಗಿಯನ್ನು, ಯಾರೋ ರಜೆ ಹಾಕಿದರೆಂದು ಒಂದು ರಾತ್ರಿ ಬೇಲಿಯ ರೋಬೋಟಿನ ಕಡೆ ಕಳಿಸುತ್ತೇವೆ. ಆ ಸಲಿಗೆಯನ್ನೂ ಅವಳು ಜೊತೆಗೇ ತರುತ್ತಾಳೆ. ಯಾವುದು ಮುಟ್ಟಿದರೆ ನಿಲ್ಲುವುದು, ಯಾವುದು ನಿಲ್ಲದ್ದು ಎಂದು ತೋಳಿನ ಮೈಮೇಲೆ ಬರೆದಿಲ್ಲ.

ನಮ್ಮ ತಾತ ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿಗೆ ಇಳಿಯುತ್ತಿದ್ದವರು. ಸಹಿ ಹಾಕಲು ಬರುತ್ತಿರಲಿಲ್ಲ, ಹೆಬ್ಬೆಟ್ಟು. ಜೊತೆಯವರು ತಮಿಳರು, ತೆಲುಗರು, ಮೇಲಿನವರ ಮಾತು ಇಂಗ್ಲಿಷ್. ಆದರೆ ಶಾಫ್ಟಿನ ಗಂಟೆಯ ಭಾಷೆ ಎಲ್ಲರಿಗೂ ಒಂದೇ ಎಂದು ತಾತ ಹೇಳುತ್ತಿದ್ದರು. ಗಣಿಯೊಳಗೆ ಇಳಿಸಿ ಹತ್ತಿಸುವ ತೊಟ್ಟಿಲು ಚಲಿಸುತ್ತಿರುವಾಗ ಒಂದು ಹೊಡೆತ ಬಿತ್ತೆಂದರೆ ನಿಲ್ಲಿಸು. ಜನ ಹತ್ತಿದ್ದಾರೆ ಎಂಬುದಕ್ಕೆ ಬೇರೆಯೇ ಲೆಕ್ಕದ ಹೊಡೆತ. ಅದರ ಪಟ್ಟಿ ಶಾಫ್ಟಿನ ಬಾಯಲ್ಲೂ ಕೆಳಗಿನ ಪ್ರತಿ ಹಂತದಲ್ಲೂ ತೂಗುಹಾಕಿರುತ್ತಿತ್ತು. ಹೊಸಬ ಬಂದರೆ ಮೊದಲು ಅದನ್ನು ಬಾಯಿಪಾಠ ಮಾಡಿಸುತ್ತಿದ್ದರಂತೆ. ಮೂರು ಕಿಲೋಮೀಟರಿಗಿಂತ ಆಳದ ಗಣಿ ಅದು. ಆ ಗಣಿ ಎಷ್ಟು ಜನರ ಜೀವ ತಿಂದಿದೆ ಎಂಬುದು ನಮ್ಮ ಊರುಗಳಿಗೆ ಗೊತ್ತು, ನಾನು ಅದನ್ನು ಹೊಗಳುತ್ತಿಲ್ಲ. 2001ರಲ್ಲಿ ಮುಚ್ಚಿಹೋದ ಆ ಗಣಿಯಲ್ಲಿ ಓದು ಬಾರದ ತಾತನಿಗೆ ಯಂತ್ರ ಈಗ ಏನು ಮಾಡುತ್ತದೆ ಎಂಬುದು ಗೊತ್ತಾಗುತ್ತಿತ್ತು. ಪಿಯುಸಿ ಓದಿದ ಮೊಮ್ಮಗಳಿಗೆ ಗೊತ್ತಾಗುತ್ತಿಲ್ಲ.

ಭಾಷೆಯ ವಿಚಾರಕ್ಕೂ ಬರುತ್ತೇನೆ. ನಮ್ಮ ಕಡೆ ಬಹಳ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಲೈನಿನಲ್ಲಿ ಈಗ ಒಡಿಶಾ, ಬಿಹಾರ, ಜಾರ್ಖಂಡಿನ ಮಕ್ಕಳೂ ಇದ್ದಾರೆ. ಅಪಘಾತದ ನಂತರ ಕನ್ನಡದ ಬೋರ್ಡು ಹಾಕಿದರು. "ರೋಬೋಟ್ ಸ್ವಯಂಚಾಲಿತ ಸ್ಥಿತಿಯಲ್ಲಿರುವಾಗ ಸಂರಕ್ಷಿತ ವಲಯದ ಪ್ರವೇಶವನ್ನು ನಿರ್ಬಂಧಿಸಲಾಗಿದೆ." ಕನ್ನಡವೇ, ಆದರೆ ಯಾರ ಕನ್ನಡ? ನಮ್ಮ ಹುಡುಗಿಯರು ಒಂದು ರಟ್ಟಿನ ಮೇಲೆ ಮಾರ್ಕರಿನಲ್ಲಿ ಬರೆದು ಕಿಂಡಿಯ ಪಕ್ಕ ಕಟ್ಟಿದರು: "ತೋಳು ಕಾಯ್ತಾ ಇದೆ. ಸುಮ್ಮನಿದ್ದರೂ ಕೈ ಹಾಕಬೇಡಿ." ಕೆಳಗೆ ತೆಲುಗಿನಲ್ಲಿ, ಹಿಂದಿಯಲ್ಲಿ, ಪಕ್ಕದಲ್ಲಿ ಕೈಯ ಚಿತ್ರ. ನೆಲದ ಮೇಲೆ ತೋಳು ಎಲ್ಲಿಯವರೆಗೆ ಬರುತ್ತದೋ ಅಲ್ಲಿಗೆ ಕೆಂಪು ಟೇಪು ಅಂಟಿಸಿದರು. ಆ ರಟ್ಟು ಇದ್ದ ಹದಿನೆಂಟು ದಿನ ತೋಳು ಸುಮ್ಮನಿದ್ದಾಗ ಯಾರೂ ಕಿಂಡಿಯೊಳಗೆ ಕೈ ಹಾಕಲಿಲ್ಲ. ಗಿರಾಕಿ ಕಂಪನಿಯ ಆಡಿಟ್ ಬಂತು. ನಮೂನೆಗೆ ಹೊಂದುವುದಿಲ್ಲ ಎಂದು ಹಿಂದಿನ ದಿನ ಅದನ್ನು ಕಿತ್ತು ಹಾಕಿದರು. ಸಂರಕ್ಷಿತ ವಲಯದ ಬೋರ್ಡು ಉಳಿಯಿತು.

ಅದೇ ಮೇಂಟೆನೆನ್ಸ್ ಅಣ್ಣ ಒಂದು ಭಾನುವಾರ ಲೈನ್ ನಿಂತಾಗ, ಸೆಲ್ಲನ್ನು ನಡೆಸುವ ಚಿಕ್ಕ ಕಂಪ್ಯೂಟರ್ ಆದ ಪಿಎಲ್‌ಸಿಯಲ್ಲಿ ಸ್ವಲ್ಪ ಬದಲಿಸಿದರು. ತೋಳು ಕಾಯುವಾಗ ಹಳದಿ ಮಿನುಗುತ್ತದೆ, ಸಣ್ಣದಾಗಿ ಬಿಟ್ಟು ಬಿಟ್ಟು ಸದ್ದು ಬರುತ್ತದೆ. ನಿಜವಾಗಿ ನಿಂತಾಗ ಕೆಂಪು, ಸದ್ದಿಲ್ಲ. ಪರದೆಯಲ್ಲಿ ಕನ್ನಡ ಅಕ್ಷರ ಸರಿಯಾಗಿ ಕೂರಲಿಲ್ಲವಾದ್ದರಿಂದ ವಾಕ್ಯವನ್ನೇ ಚಿತ್ರವಾಗಿ ಮಾಡಿ ಹಾಕಿದರು. ಹೊಸ ಯಂತ್ರ ಕೊಳ್ಳಲಿಲ್ಲ, ಹೊಸ ದೀಪವನ್ನೂ ಕೊಳ್ಳಲಿಲ್ಲ. ಬೇಕಾದದ್ದು ಅರ್ಧ ದಿನ, ಮತ್ತು ನಮ್ಮನ್ನು ಕೇಳುವ ಮನಸ್ಸು. ಯಾವ ಸದ್ದು ಪ್ರೆಸ್ಸಿನ ಗದ್ದಲದಲ್ಲಿ ಕೇಳುತ್ತದೆ, ಯಾವುದು ತಲೆನೋವು ತರುತ್ತದೆ ಎಂದು ಅವರು ನಮ್ಮನ್ನು ನಿಲ್ಲಿಸಿ ಕೇಳಿ ಆರಿಸಿದರು. ಕೆಂಪು ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣದ ಹುಡುಗ ಒಬ್ಬ ನಮ್ಮ ಲೈನಿನಲ್ಲಿದ್ದಾನೆ ಎಂಬುದು ನಮಗೆಲ್ಲ ಗೊತ್ತಾದದ್ದೂ ಅವತ್ತೇ. ಅವನಿಗಾಗಿ ಮಿನುಗುವುದನ್ನು ಸೇರಿಸಿದ್ದು.

ಕಾನೂನು ನಮ್ಮ ಪರವಾಗಿಯೇ ಇದೆ. 1948ರ ಕಾರ್ಖಾನೆಗಳ ಕಾಯ್ದೆಗೆ 1987ರಲ್ಲಿ ತಂದ ತಿದ್ದುಪಡಿಯ 7ಎ ಕಲಂ, ಕಾರ್ಮಿಕರ ಸುರಕ್ಷತೆಗೆ ಬೇಕಾದ ಮಾಹಿತಿ, ಸೂಚನೆ, ತರಬೇತಿ, ಮೇಲ್ವಿಚಾರಣೆ ಕೊಡುವುದು ಕಾರ್ಖಾನೆಯ ಅಧಿಭೋಗದಾರರ, ಅಂದರೆ ಕಾರ್ಖಾನೆಯ ಮೇಲೆ ಕೊನೆಯ ಅಧಿಕಾರ ಇರುವವರ, ಹೊಣೆ ಎಂದಿತು. 7ಬಿ ಯಂತ್ರ ತಯಾರಿಸಿ ಮಾರುವವರ ಮೇಲೂ ಮಾಹಿತಿ ಕೊಡುವ ಹೊಣೆ ಹೊರಿಸಿತು. 111ಎ ಆ ಮಾಹಿತಿ ಕೇಳುವ ಹಕ್ಕನ್ನು ನಮಗೆ ಕೊಟ್ಟಿತು. ಈಗ ಆ ಕಾಯ್ದೆಯ ಜಾಗಕ್ಕೆ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ 2020ರ ಸಂಹಿತೆ 2025ರ ನವೆಂಬರ್ 21ರಿಂದ ಬಂದಿದೆ. ಸುರಕ್ಷತೆಯ ಮಾಹಿತಿ ಪಡೆಯುವ ಹಕ್ಕು ಅದರಲ್ಲೂ ಇದೆ. ನನ್ನ ಪ್ರಶ್ನೆ ಇಷ್ಟೇ: ಬೀರುವಿನಲ್ಲಿರುವ ಮ್ಯಾನುಯಲ್ಲನ್ನು ಮಾಹಿತಿ ಕೊಟ್ಟದ್ದು ಎಂದು ಲೆಕ್ಕ ಹಾಕಬಹುದೇ? ಬೆಳಗಿನ ಜಾವ ಮೂರಕ್ಕೆ, ತೋಳಿನ ಪಕ್ಕ ನಿಂತವಳ ಕಣ್ಣಿಗೆ, ಅವಳ ಮಾತಿನಲ್ಲಿ, ಒಂದು ಕ್ಷಣದಲ್ಲಿ ತಿಳಿಯದ್ದನ್ನು ಮಾಹಿತಿ ಎಂದು ಇಲಾಖೆ ಒಪ್ಪಬಾರದು ಎಂಬುದು ನನ್ನ ಕೋರಿಕೆ.

ಆದ್ದರಿಂದ ಮಾನ್ಯ ನಿರ್ದೇಶಕರಲ್ಲಿ ಕೇಳಿಕೊಳ್ಳುತ್ತೇನೆ. ರೋಬೋಟ್ ಇರುವ ಕಾರ್ಖಾನೆಗಳಿಗೆ ನಿಮ್ಮ ಅಧಿಕಾರಿಗಳು ಬಂದಾಗ ದಾಖಲೆಗಳ ಜೊತೆಗೆ ಒಂದು ಪರೀಕ್ಷೆ ಮಾಡಲಿ. ಮ್ಯಾನೇಜರನ್ನಾಗಲಿ ಸೇಫ್ಟಿ ಆಫೀಸರನ್ನಾಗಲಿ ಕೇಳದೆ, ಲೈನಿನಲ್ಲಿ ಅತಿ ಹೊಸಬರಾದ ಕಾಂಟ್ರಾಕ್ಟ್ ಕಾರ್ಮಿಕರನ್ನು ಕರೆದು, ಇದು ಈಗ ನಿಂತಿದೆಯೋ ಕಾಯುತ್ತಿದೆಯೋ, ನಿನಗೆ ಹೇಗೆ ಗೊತ್ತು, ಯಾವುದು ಆದರೆ ಇದು ಚಲಿಸುತ್ತದೆ, ಒಳಗೆ ಯಾರಾದರೂ ಸಿಕ್ಕಿಕೊಂಡರೆ ಬಿಡಿಸುವುದು ಹೇಗೆ ಎಂದು ಕೇಳಲಿ. ಉತ್ತರ ಬಾರದಿದ್ದರೆ ತಪ್ಪು ಆ ಕಾರ್ಮಿಕರದಲ್ಲ, ಆ ಸೆಲ್ಲಿನದು ಎಂದು ಬರೆಯಲಿ.

ಕಾಯುವ ಸ್ಥಿತಿಗೂ ನಿಂತ ಸ್ಥಿತಿಗೂ ಬೇರೆ ಬೇರೆ ದೀಪ, ಬೇರೆ ಸದ್ದು ಇರಬೇಕೆಂದು ಕಡ್ಡಾಯ ಮಾಡಿ. ಅದು ಜಿಲ್ಲೆಯ ಎಲ್ಲ ಕಾರ್ಖಾನೆಗಳಲ್ಲಿ ಒಂದೇ ಆಗಿರಲಿ. ರಸ್ತೆಯ ಸಿಗ್ನಲ್ಲಿನ ಕೆಂಪು ಮುಳಬಾಗಿಲಿನಲ್ಲಿ ಒಂದು, ಮಾಲೂರಿನಲ್ಲಿ ಇನ್ನೊಂದು ಅರ್ಥ ಕೊಟ್ಟರೆ ನಾವು ಒಪ್ಪುತ್ತೇವೆಯೇ?

ಅಪಘಾತದ ವರದಿಯ ನಮೂನೆಯಲ್ಲಿ ಒಂದು ಅಂಕಣ ಸೇರಿಸಿ: ಆ ಕ್ಷಣದಲ್ಲಿ ಕಾರ್ಮಿಕರಿಗೆ ಕಂಡ ದೀಪ ಯಾವುದು, ಪರದೆಯಲ್ಲಿ ಏನು ಬರೆದಿತ್ತು, ಯಾವ ಭಾಷೆಯಲ್ಲಿತ್ತು. ಅಜಾಗರೂಕತೆ ಎಂಬ ಮಾತು ಬರೆಯುವ ಮೊದಲು ಆ ಅಂಕಣ ತುಂಬಲೇಬೇಕು. ಗಾಯವಾಗದೆ ತಪ್ಪಿಸಿಕೊಂಡ ಘಟನೆಗಳನ್ನು ಹೇಳಿದವರ ಸಂಬಳಕ್ಕೆ, ಕಾಂಟ್ರಾಕ್ಟಿಗೆ ತೊಂದರೆ ಆಗದಂತೆ ನೋಡಿಕೊಳ್ಳಿ. ಅವಳ ಕೈ ಸಿಕ್ಕಿಕೊಳ್ಳುವ ಮೊದಲು ಅದೇ ಕಿಂಡಿಯಲ್ಲಿ ಅದೇ ಸೆನ್ಸರನ್ನು ಇನ್ನೂ ಮೂವರು ಒರೆಸಿದ್ದರು. ಯಾರೂ ಬಾಯಿ ಬಿಟ್ಟಿರಲಿಲ್ಲ.

ಆಡಳಿತ ವರ್ಗದವರಲ್ಲಿ ನನ್ನ ಮನವಿ ಚಿಕ್ಕದು. ಹೊಸ ಸೆಲ್ ಬರುವ ಮೊದಲು, ಅದರ ನಕ್ಷೆ ಇನ್ನೂ ಕಾಗದದ ಮೇಲಿರುವಾಗ, ಅಲ್ಲಿ ನಿಲ್ಲಬೇಕಾದವರನ್ನು ಕರೆದು ಕೂರಿಸಿ. ಮಾರ್ಚ್ 4ರ ಸುರಕ್ಷತಾ ದಿನಕ್ಕೆ ಬ್ಯಾಡ್ಜು, ಪ್ರತಿಜ್ಞೆ, ಘೋಷಣೆ ಸ್ಪರ್ಧೆ ಎಲ್ಲ ಮಾಡಿಸುತ್ತೀರಿ. ನನಗೂ ಒಂದು ಸಲ ಟಿಫಿನ್ ಡಬ್ಬಿ ಬಹುಮಾನ ಬಂದಿತ್ತು. ಈ ಸಲ ಆ ದಿನ ಒಂದೊಂದು ಸೆಲ್ಲಿನ ಮುಂದೆಯೂ ಅಲ್ಲಿಯ ಕಾರ್ಮಿಕರೇ ತಮ್ಮ ಮಾತಿನಲ್ಲಿ ಬೋರ್ಡು ಬರೆಯಲಿ. ಆಡಿಟ್ ಬಂದರೂ ಅದನ್ನು ಕೀಳಬೇಡಿ.

ಆಯುಧ ಪೂಜೆಯ ದಿನ ಆ ತೋಳಿಗೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕುತ್ತೇವೆ. ಅವತ್ತು ಮೇಂಟೆನೆನ್ಸ್‌ನವರು ಮೇನ್ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟು, ಈಗ ಮುಟ್ಟಿ ಎನ್ನುತ್ತಾರೆ. ವರ್ಷದಲ್ಲಿ ಆ ಒಂದು ದಿನ ಅದು ನಿಂತಿದೆ ಎಂದು ನನಗೆ ಖಂಡಿತವಾಗಿ ಗೊತ್ತಿರುತ್ತದೆ. ಉಳಿದ ದಿನಗಳಲ್ಲೂ ಗೊತ್ತಾಗುವಂತೆ ಮಾಡಿಕೊಡಿ.

ತಪಾಸಣೆಗೆ ಬರುವುದಾದರೆ ದಯವಿಟ್ಟು ಹಗಲು ಬರಬೇಡಿ, ಸಿ ಶಿಫ್ಟಿಗೆ ಬನ್ನಿ. ಸೆಲ್ಲಿನ ಪಕ್ಕ ನಮ್ಮ ಜೊತೆ ಒಂದು ಗಂಟೆ ನಿಲ್ಲಿ. ತೋಳು ಸುಮ್ಮನಾದಾಗ ಅದು ನಿಂತಿದೆಯೋ ಕಾಯುತ್ತಿದೆಯೋ ಎಂದು ನಾವೇ ನಿಮ್ಮನ್ನು ಕೇಳುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕೋಲಾರ ಜಿಲ್ಲೆಯ ಒಬ್ಬ ಲೈನ್ ಲೀಡರ್